ನಿಮ್ಮಮ್ಮನ ಅಂಗಾಲು

ಗುಬ್ಬಿ
12-2-2007

ಚಿ. ಭೂಷಣನಿಗೆ ನಿನ್ನ ಅಪ್ಪನ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಈ ಮಾಘದ ಚಳಿಗೆ ನಿನಗೆ ಮೂಗು ಕಟ್ಟುತ್ತಿತ್ತು, ಬೆಳಗಾವಿಯಲ್ಲಿ ಹೇಗೋ ಏನೋ. ಕುಣಿಗಲ್ಲಿನಿಂದ ನಿನ್ನ ಅಕ್ಕ ಶಾಂತಲಾ ವಿಳಾಸ ಕೊಟ್ಟಳು. ಫೋನ್ ನಂಬರೂ ಕೊಟ್ಟಳು. ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ ಎಂದು ಕಾಗದ ಬರೆಯುತ್ತಿದ್ದೇನೆ. ನಾನು ಇದ್ದೇನೆ. ಹಿಟ್ಟಿನ ಮಿಲ್ಲು ನಡೆಯುತ್ತಿದೆ. ನೀನು ಹೋದ ಈ ಎಂಟು ವರ್ಷದಲ್ಲಿ ಎರಡು ಸಲ ಬೆಲ್ಟು ಬದಲಾಯಿಸಿದ್ದು ಬಿಟ್ಟರೆ ನನ್ನ ಕಡೆಯಿಂದ ಹೇಳುವಂಥದ್ದೇನೂ ಇಲ್ಲ.

ಸುದ್ದಿ ನಿಮ್ಮಮ್ಮನದು. ನೀನು ಹೋದ ದಿನವೇ ಅವಳು ಚಪ್ಪಲಿ ಬಿಟ್ಟಳು. ಭೂಷಣ ಮನೆಗೆ ಬರೋ ತನಕ ಮೆಟ್ಟಲ್ಲ ಅಂದಳು, ಮೆಟ್ಟಲಿಲ್ಲ. ಹರಕೆ ಇರಬೇಕು, ಬುಡು ಅಂತ ನಾನೂ ಸುಮ್ಮನಾದೆ. ಮಿಲ್ಲಿನ ಸಿಮೆಂಟ್ ನೆಲದ ಮೇಲೆ ದಿನಾ ಎಂಟು ತಾಸು ಬರಿಗಾಲಲ್ಲಿ ನಿಂತು ರಾಗಿ ಸುರಿದಿದ್ದಾಳೆ. ಈಗ ಬೆರಳಿನ ಬುಡ ನೆಲಕ್ಕೆ ಊರಲು ಆಗುವುದಿಲ್ಲ. ಗೋಡೆ ಹಿಡಿದುಕೊಂಡು ಹಿಮ್ಮಡಿಯಲ್ಲಿ ನಡೆಯುತ್ತಾಳೆ. ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಅವಳ ಹಟ ನಿನಗೆ ಗೊತ್ತಲ್ಲ, ನಿನಗೂ ಅದೇ ಬಂದಿದೆ.

ಕಳೆದ ವಾರ ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಂಗಾಲಿನ ಮುಂಭಾಗದಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಕೊಬ್ಬಿನ ಮೆತ್ತೆ ಇರುತ್ತದಂತೆ. ಸಣ್ಣ ಸಣ್ಣ ಗೂಡುಗಳಂತೆ, ಒಂದೊಂದರಲ್ಲೂ ಕೊಬ್ಬು ತುಂಬಿ, ಮೈಭಾರವನ್ನೆಲ್ಲ ಅದೇ ತಡೆಯುತ್ತದಂತೆ. ನಿಮ್ಮಮ್ಮನದು ಸವೆದು ಕಾಗದದಷ್ಟಾಗಿದೆ. ಮೂಳೆಯ ಮೇಲೇ ನಡೀತಿದಾರೆ ಇವರು, ಅಂದರು ಡಾಕ್ಟರು. ಹೊಟ್ಟೆಯ ಕೊಬ್ಬನ್ನು ಸೂಜಿಯಲ್ಲಿ ಎಳೆದು ಪಾದಕ್ಕೆ ತುಂಬಬಹುದಂತೆ. ಬೆಂಗಳೂರಿನಿಂದ ಒಬ್ಬರು ಬಂದು ಮಾಡುತ್ತಾರಂತೆ. ನಿಮ್ಮಮ್ಮ, ನನ್ನ ಹೊಟ್ಟೇಲಿ ಎಲ್ಲೈತೆ ಕೊಬ್ಬು, ಇವ್ರದ್ದೇ ತಗೊಳ್ಳಿ, ಬೇಕಾದಷ್ಟೈತೆ, ಅಂದಳು. ಡಾಕ್ಟರು ನಕ್ಕರು. ಬೇರೆಯವರದ್ದು ಮೈಗೆ ಒಗ್ಗುವುದಿಲ್ಲವಂತೆ.

ಆದರೆ ತುಂಬಿದ್ದೆಲ್ಲ ನಿಲ್ಲುವುದಿಲ್ಲ, ಒಂದಿಷ್ಟು ಕರಗಿಯೇ ಹೋಗುತ್ತದೆ. ಒಂದೂವರೆ ತಿಂಗಳು ಮುಂಗಾಲು ಊರುವಂತಿಲ್ಲ. ಆಮೇಲೆ ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಲೇಬೇಕು. ಬರಿಗಾಲಲ್ಲಿ ನಿಂತರೆ ಮಾಡಿದ್ದೆಲ್ಲ ನೀರುಪಾಲು. ಹಾಕ್ತೀನಿ ಅಂತ ಒಪ್ಪಿದ್ರೆ ಮಾತ್ರ ಡೇಟ್ ಕೊಡ್ತೀನಿ ಅಮ್ಮ, ಅಂದರು. ಅವಳು ಆಗಲ್ಲ ಅಂದಳು. ಹಾಗೇ ಬಸ್ಸು ಹತ್ತಿದೆವು. ನಾನು ಬೈಯಲೂ ಇಲ್ಲ. ಇತ್ತೀಚೆಗೆ ನನಗೆ ಸಿಟ್ಟು ಬರುವುದಿಲ್ಲ, ಅಳುವೂ ಬರುವುದಿಲ್ಲ. ಮಿಲ್ಲು ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲವಲ್ಲ, ಹಾಗಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ,
ವೆಂಕಟರಂಗಯ್ಯ

ತಾ.ಕ.: ಕವರು ಅಂಟಿಸುವ ಮುಂಚೆ ಇಷ್ಟು ಬರೆದುಬಿಡುತ್ತೇನೆ. ಆವತ್ತು ಆಸ್ಪತ್ರೆಯಲ್ಲಿ ನಾನು ಮಾತ್ರೆ ತಂದು ಬಾಗಿಲಲ್ಲಿ ನಿಂತಿದ್ದೆ. ಯಾವ ದೇವರಿಗೆ ಹರಕೆ ಅಂತ ಡಾಕ್ಟರು ಕೇಳುತ್ತಿದ್ದರು. ದೇವ್ರಿಗಲ್ಲ ಸ್ವಾಮಿ, ನನ್ ಮಗನ್ನ ನಡು ಬೀದೀಲಿ ಚಪ್ಪಲೀಲಿ ಹೊಡೆದ್ರು ಇವ್ರು, ಅದನ್ನ ನಾನು ಹೆಂಗೆ ಕಾಲಿಗೆ ಮೆಟ್ಲಿ, ಅಂದಳು. ಎಂಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಕಾರಣ ನನಗೆ ಹೇಳಿರಲಿಲ್ಲ. ನಾನು ಮಾಡಿದ್ದು ತಪ್ಪು ಭೂಷಣ. ನನ್ನನ್ನು ಕ್ಷಮಿಸು ಅಂತ ಕೇಳುವ ಮುಖವಿಲ್ಲ. ಒಂದು ದಿನದ ಮಟ್ಟಿಗೆ ಬಂದು ಅವಳ ಕಾಲಿಗೆ ನೀನೇ ಚಪ್ಪಲಿ ಹಾಕಿ ಹೋಗು. ನನ್ನ ಮುಖ ನೋಡಬೇಕಾಗಿಲ್ಲ. ಬರುವ ದಿನ ಶಾಂತಲಾಗೆ ತಿಳಿಸು, ಆವತ್ತು ನಾನು ಮನೆಯಲ್ಲಿರುವುದಿಲ್ಲ.