ಬಡವನಹಳ್ಳಿ ದಾಟಿದ ಮೇಲೆ

ಮಧುಗಿರಿ
ತಾ॥ ೫-೧೨-೧೯೩೭

ಪ್ರೀತಿಯ ಗೆಳೆಯ ಚಿಕ್ಕರಂಗಯ್ಯನಿಗೆ,

ನಿನ್ನ ನಾಗಲಿಂಗಯ್ಯನ ನಮಸ್ಕಾರ. ಇಲ್ಲಿ ಕ್ಷೇಮ ಎಂದು ಬರೆಯುವ ಯೋಗ್ಯತೆ ನನಗೆ ಬಂದು ಇನ್ನೂ ಎರಡು ತಿಂಗಳು ತುಂಬಿಲ್ಲ. ಬರಗೂರಿನಿಂದ ನೀನು ಹಾಕಿದ ಮೂರು ಕಾಗದಗಳೂ ತಲುಪಿದವು. ಮೊದಲನೆಯದು ಬಂದಾಗ ನನಗೆ ಪ್ರಜ್ಞೆ ಇರಲಿಲ್ಲವಂತೆ. ಎರಡನೆಯದು ಬಂದಾಗ ಪೆನ್ನು ಹಿಡಿಯುವ ಶಕ್ತಿ ಇರಲಿಲ್ಲ. ಮೂರನೆಯದಕ್ಕೆ ಉತ್ತರ ಬರೆಯದೆ ಇದ್ದದ್ದು ಮಾತ್ರ ಶುದ್ಧ ಸೋಮಾರಿತನ. ಬೈಯುವುದಿದ್ದರೆ ಅದಕ್ಕೆ ಬೈದುಕೋ, ಮಿಕ್ಕ ಎರಡನ್ನು ಹೊಟ್ಟೆಗೆ ಹಾಕಿಕೋ.

ನಲವತ್ತು ದಿನ ಮಲಗಿದ್ದೆ ಮಾರಾಯ. ಡಾಕ್ಟರು ಟೈಫಾಯಿಡ್ ಎಂದರು. ನಮ್ಮಮ್ಮ ಚನ್ನಮಲ್ಲಮ್ಮ ಮಾತ್ರ ಇವತ್ತಿಗೂ ಅದನ್ನು ಸೈಕಲ್ ಜ್ವರ ಎಂದೇ ಕರೆಯುತ್ತಾಳೆ. ಬಿಸಿಲಲ್ಲಿ ಹಗಲೆಲ್ಲ ತುಳಿದದ್ದಕ್ಕೇ ಬಂತು ಎಂಬುದು ಅವಳ ತೀರ್ಮಾನ. ತಲೆಗೂದಲೆಲ್ಲ ಉದುರಿಹೋಯಿತು. ಮೊನ್ನೆ ನಮ್ಮ ಸೈಕಲ್ ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದ ಹಳೆಯ ಗಿರಾಕಿಯೊಬ್ಬರು ನನ್ನನ್ನೇ ನೋಡಿಕೊಂಡು, “ನಾಗಲಿಂಗಯ್ಯನೋರು ಇಲ್ವಾ?” ಎಂದು ಕೇಳಿದರು. ಊರಿಗೆ ಹೋಗಿದ್ದಾರೆ, ಬರುವುದು ತಡವಾಗುತ್ತದೆ ಎಂದು ಹೇಳಿ ಪಂಕ್ಚರ್ ಹಾಕಿಕೊಟ್ಟೆ.

ಜ್ವರಕ್ಕಿಂತ ಪಥ್ಯ ಕೆಟ್ಟದ್ದು. ಬಾರ್ಲಿ ನೀರು, ಸಬ್ಬಕ್ಕಿ ಗಂಜಿ, ಮತ್ತೆ ಬಾರ್ಲಿ ನೀರು. ಅಡಿಗೆಮನೆಯಿಂದ ಮುದ್ದೆಯ ವಾಸನೆ ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು, ನಿನ್ನ ಹತ್ತಿರ ಏನು ನಾಚಿಕೆ. ಕರುಳು ಹಣ್ಣಾಗಿರುತ್ತದೆ, ಗಟ್ಟಿ ತಿಂದರೆ ತೂತು ಬೀಳುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಒಂದೇ ತುತ್ತು ಕೊಡು ಎಂದು ಅಮ್ಮನ ಕಾಲು ಹಿಡಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಹೋದಳೇ ಹೊರತು ತುತ್ತು ಕೊಡಲಿಲ್ಲ. ಬದುಕಿದ್ದು ಅವಳ ಆ ಹಟದಿಂದ.

ಗೋಡೆ ಹಿಡಿದು ನಡೆಯುವ ಹಾಗಾದ ದಿನವೇ ಸೈಕಲ್ ಹತ್ತಿರ ಹೋದೆ. ನೋಡಿದರೆ ಸೀಟೇ ಇಲ್ಲ!

“ಸೀಟೆಲ್ಲಮ್ಮ?” ಎಂದೆ.

“ಒಂದು ವರ್ಸ ಸೈಕಲ್ ಮೇಲೆ ಕೂರ್‌ಬ್ಯಾಡ ಅಂದವ್ರೆ ಡಾಕ್ಟ್ರು. ಸೀಟಿಲ್ದೆ ಅದೆಂಗೆ ಕೂರ್ತೀಯೋ ನಾನೂ ನೋಡ್ತೀನಿ” ಎಂದಳು.

ಅಂಗಡಿಯಲ್ಲಿ ಬೇರೆ ಸೀಟು ಇಲ್ಲದೆ ಇರಲಿಲ್ಲ. ಆದರೆ ಅದನ್ನು ಹಾಕಿದರೆ ತಾಯಿಯ ಮಾತು ಮೀರಿದ ಹಾಗೆ. ಅದಕ್ಕೆ ಸೀಟಿಲ್ಲದ ಸೈಕಲ್ಲನ್ನೇ ತಳ್ಳಿಕೊಂಡು ಹೊರಟೆ. ಮೊದಲ ದಿನ ನಿಂತುಕೊಂಡೇ ಬೀದಿಯ ಕೊನೆಯವರೆಗೆ ತುಳಿದು, ಬಾವಿಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಏದುಸಿರು ಬಿಟ್ಟೆ. ಒಂದು ವಾರಕ್ಕೆ ಕೊರಟಗೆರೆ ರಸ್ತೆಯ ಮೊದಲ ಮೈಲಿಗಲ್ಲು. ಹದಿನೈದು ದಿನಕ್ಕೆ ಮೂರನೆಯ ಕಲ್ಲು. ಒಂದು ಕ್ಷಣವೂ ಕೂರುವ ಹಾಗಿಲ್ಲವಲ್ಲ, ತೊಡೆಗಳು ಜ್ವರಕ್ಕೆ ಮೊದಲಿಗಿಂತ ಗಟ್ಟಿಯಾಗಿವೆ. ಒಂದು ಬೆಳಿಗ್ಗೆ ಅಮ್ಮ ರಾಗಿ ವಾಡೆಯೊಳಗೆ ಕೈ ಹಾಕಿ ಸೀಟು ತೆಗೆದು ನನ್ನ ಮುಂದೆ ಕುಕ್ಕಿ, “ತಗಾ, ಕುಂತ್ಕಂಡೇ ಸಾಯಿ” ಎಂದಳು. ಅದೇ ಆಶೀರ್ವಾದ ಎಂದು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ ವ್ಯಾಯಾಮ ಸಂಘದವರ ಸೈಕಲ್ ಪಂದ್ಯ. ಶಿರಾದಿಂದ ಮಧುಗಿರಿಗೆ. ಗೆದ್ದವನನ್ನು ಈ ಸಲ ದಸರಾಕ್ಕೆ ಮೈಸೂರಿನ ಪಂದ್ಯಕ್ಕೆ ಕಳಿಸುತ್ತಾರಂತೆ. ಹೋದ ವರ್ಷ ಅರ್ಧ ಗಾಲಿಯಷ್ಟು ಮುಂದೆ ನುಗ್ಗಿ ನೀನು ಗೆದ್ದೆ. ಅದರ ಹಿಂದಿನ ವರ್ಷ ನಾನು. ನಾನು ಹೆಸರು ಕೊಟ್ಟಿದ್ದೇನೆ. ಊರಿನವರೆಲ್ಲ ನನ್ನ ಬೋಳುತಲೆ ನೋಡಿ ಮರುಗುತ್ತಾರೆ ಕಣೋ. “ಅಯ್ಯೋ ಪಾಪ, ಎಂಗಿದ್ದೋನು ಎಂಗಾಗೋದ” ಎನ್ನುತ್ತಾರೆ. ಈ ಪಾಪ ಎನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾನು ಮತ್ತೆ ಮೊದಲಿನ ನಾಗಲಿಂಗಯ್ಯ ಆಗಿದ್ದೇನೋ ಇಲ್ಲವೋ, ಅದು ನನಗೆ ಆ ರಸ್ತೆಯ ಮೇಲೇ ಗೊತ್ತಾಗಬೇಕು. ಅದಕ್ಕೆ ನೀನು ಒಂದು ಭಾಷೆ ಕೊಡಬೇಕು: ರೋಗಿ ಎಂದು ಕರುಣೆ ತೋರಿಸಬೇಡ. ಸೋಲಿಸುವ ಹಾಗಿದ್ದರೆ ಸೋಲಿಸು. ಬೇಕಾದರೆ ಆಮೇಲೆ ತಬ್ಬಿಕೊಂಡು ಅಳೋಣ.

ನಿಮ್ಮ ಅವ್ವನಿಗೂ ದೊಡ್ಡರಂಗಪ್ಪಣ್ಣನಿಗೂ ನನ್ನ ನಮಸ್ಕಾರ ಹೇಳು. ಪಂದ್ಯ ಮುಗಿದ ಮೇಲೆ ಊಟ ನಮ್ಮ ಮನೆಯಲ್ಲೇ. ನಿನಗೆಂದು ಹೋಳಿಗೆ ಮಾಡುತ್ತೇನೆ ಎಂದು ಅಮ್ಮ ಈಗಲೇ ಹೇಳಿದ್ದಾಳೆ.

ಇತಿ ನಿನ್ನವ,
ನಾಗಲಿಂಗಯ್ಯ


ಮಧುಗಿರಿ
ತಾ॥ ೨೪-೧-೧೯೩೮

ಚಿಕ್ಕರಂಗಯ್ಯನವರಿಗೆ,

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ನಿನ್ನೆ ಜನರ ಎದುರಿಗೆ ಅರ್ಧ ಹೇಳಿದೆ, ಉಳಿದರ್ಧ ಇಲ್ಲಿದೆ.

ಹನ್ನೊಂದು ಜನ ಹೊರಟೆವು. ಬಡವನಹಳ್ಳಿ ಬರುವ ಹೊತ್ತಿಗೆ ಉಳಿದವರು ಕಣ್ಣಿಗೆ ಕಾಣದಷ್ಟು ಹಿಂದೆ ಬಿದ್ದಿದ್ದರು. ನೀನು, ನಾನು, ಇಬ್ಬರೇ. ಅಲ್ಲಿಯವರೆಗೂ ಸರಿಸಮನಾಗಿ ಬಂದವನಿಗೆ ಆಮೇಲೆ ಏನಾಯಿತು? ಗದ್ದೆಗೆ ಹೊರಟವನ ಹಾಗೆ ತುಳಿಯತೊಡಗಿದೆ. ನಾನು ಗೆರೆ ದಾಟಿ, ನೀರು ಕುಡಿದು, ಊರವರು ಹಾರ ಹಾಕಿ ಹೆಗಲ ಮೇಲೆ ಎತ್ತಿಕೊಂಡು ಕುಣಿದು ಇಳಿಸಿದರೂ ನೀನು ಬರಲಿಲ್ಲ. ಬಂದದ್ದು ಕಾಲು ಗಂಟೆಯ ಮೇಲೆ. ಮೂರು ವರ್ಷ ಜೊತೆಯಲ್ಲಿ ತುಳಿದಿದ್ದೇನೆ. ನಿನ್ನ ಕಾಲಿನ ಶಕ್ತಿ ನನಗೆ ಗೊತ್ತಿಲ್ಲವೇ?

ಕರುಣೆ ಬೇಡ ಎಂದು ಬಾಯಿಬಿಟ್ಟು ಕೇಳಿಕೊಂಡಿದ್ದೆ. ನೀನು ಅದನ್ನೇ ಮಾಡಿದೆ. ಅದಕ್ಕೆ ಹಾರ ಕಿತ್ತು ನಿನ್ನ ಕಾಲ ಬಳಿ ಎಸೆದೆ. “ತಗಳ್ಳಲೇ, ನೀನು ಹಾಕಿದ ಭಿಕ್ಸೆ ನೀನೇ ಮಡಿಕ್ಕೊ” ಎಂದು ಕೂಗಿದ್ದು ನಾಲ್ಕು ಬೀದಿಗೆ ಕೇಳಿರಬೇಕು. ಕೇಳಲಿ. ನೀನೋ, “ಆಯ್ತು ಬುಡು ನಾಗಣ್ಣ” ಎಂದು ಹೇಳಿ ಮೋಟಾರು ಹತ್ತಿ ಹೋದೆ. ತಪ್ಪು ಮಾಡದವನು ಹಾಗೆ ಹೋಗುತ್ತಾನೆಯೇ? ನಮ್ಮಮ್ಮ ಎಲೆ ಹಾಕಿಕೊಂಡು ಸಂಜೆಯವರೆಗೂ ಕಾದಳು.

ಇನ್ನು ನಮ್ಮ ಮನೆಯ ಕಡೆ ತಲೆ ಹಾಕಬೇಡ.

ನಾಗಲಿಂಗಯ್ಯ


ಮಧುಗಿರಿ
ತಾ॥ ೨೦-೨-೧೯೩೮

ನನ್ನ ಪ್ರೀತಿಯ ರಂಗ,

ಈ ಕಾಗದವನ್ನು ದೊಡ್ಡರಂಗಪ್ಪಣ್ಣ ನಿನಗೆ ಓದಿ ಹೇಳುತ್ತಾರೆಂದು ಗೊತ್ತು. ಅಣ್ಣನವರಿಗೂ, ಪಕ್ಕದಲ್ಲಿ ಕೂತಿರುವ ಅವ್ವನಿಗೂ ನನ್ನ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ. ಜ್ವರ ಇಳಿಯುವ ತನಕ ಯಾವ ಸುದ್ದಿಯನ್ನೂ ನಿನ್ನ ಕಿವಿಗೆ ಹಾಕಬಾರದು ಎಂದು ಡಾಕ್ಟರ ಕಟ್ಟಪ್ಪಣೆ ಇತ್ತು. ಜ್ವರ ಬಿಟ್ಟು ನಾಲ್ಕು ದಿನವಾಯಿತು ಎಂದು ನಿನ್ನೆ ಮೋಟಾರಿನ ಸಿದ್ದಗಂಗಯ್ಯ ತಿಳಿಸಿದ. ಅಲ್ಲೇ ಮೋಟಾರು ನಿಲ್ಲುವ ಜಾಗದಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ. ಜನ ನೋಡಿದರು, ನೋಡಿಕೊಳ್ಳಲಿ.

ನಿನಗೆ ಕಾಯಿಲೆ ಎಂಬ ಸುದ್ದಿಯನ್ನು ಮೊದಲು ಹೇಳಿದವನೂ ಅವನೇ. ಪಂದ್ಯದ ದಿನ ನೀನು ಹತ್ತಿದ ಮೋಟಾರಿಗೆ ಅವನೇ ಕಂಡಕ್ಟರ್ ಅಂತೆ. ಹತ್ತು ದಿನದ ಹಿಂದೆ ಅಂಗಡಿಗೆ ಬಂದು, “ಏನ್ ಸ್ವಾಮಿ, ನಿಮ್ಮ ಗೆಣೆಕಾರ ಆವತ್ತು ಮನಿಕ್ಕಂಡೋನು ಇನ್ನೂ ಮೇಲಕ್ಕೆದ್ದಿಲ್ವಂತೆ, ನೋಡೋಕೆ ಓಗಿಲ್ವಾ?” ಎಂದ. ಸ್ಪ್ಯಾನರ್ ಕೆಳಗಿಟ್ಟು ಎಲ್ಲವನ್ನೂ ಕೇಳಿದೆ. ಮೋಟಾರಿನ ಹಿಂದಿನ ಸೀಟಿನಲ್ಲಿ ನೀನು ಮುದುಡಿ ಮಲಗಿದ್ದೆಯಂತೆ. ನೀರು ಕೊಟ್ಟರೆ ಕುಡಿಯಲಿಲ್ಲವಂತೆ. ಶಿರಾದಲ್ಲಿ ಅವನೇ ಗಾಡಿ ಹುಡುಕಿ ಬರಗೂರಿಗೆ ಕಳಿಸಿದನಂತೆ.

ಮಾರನೆಯ ದಿನವೇ ನಿಮ್ಮ ಮನೆಗೆ ಬಂದೆ, ನಿನಗೆ ಗೊತ್ತಿಲ್ಲ. ಒಳಗೆ ಬಿಡುವ ಹಾಗಿರಲಿಲ್ಲ. ಅವ್ವ ಜಗುಲಿಯ ಮೇಲೆ ಚಾಪೆ ಹಾಕಿ ಕೂರಿಸಿದರು. ಬಿಸಿಲಲ್ಲಿ ಬಂದಿದ್ದಾನೆ ಎಂದು ಮಜ್ಜಿಗೆ ಕೊಟ್ಟರು. ಆಮೇಲೆ ಅವರು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ. “ನಾಕು ದಿನದಿಂದ ಮೈ ಸುಡ್ತಾ ಇತ್ತು ಕಣಪ್ಪ. ಬ್ಯಾಡ ಕಣ್ಲಾ ಮಗ, ಓಗ್‌ಬ್ಯಾಡ ಅಂದೆ. ಅದ್ಕವ್ನು, ನಾನು ಓಗ್ದಿದ್ರೆ, ಎದುರಿಗೆ ಯಾರೂ ಇಲ್ದೆ ನಾಗಣ್ಣ ಗೆದ್ದ ಅಂತ ಜನ ಆಡ್ಕೊತಾರೆ ಕಣವ್ವ, ಸಾವಿನ ಬಾಯಿಂದ ಎದ್ ಬಂದೋನಿಗೆ ಅಂಥ ಗೆಲುವು ಬ್ಯಾಡ ಅಂದ. ಬೆಳಕರಿಯೋಕ್ ಮುಂಚೆ ಎದ್ದು ಒಂಟೇ ಬುಟ್ಟ.”

ಮಜ್ಜಿಗೆ ಲೋಟ ಹಾಗೇ ಕೆಳಗಿಟ್ಟೆ ರಂಗ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನಾನು ಎದ್ದು ಹೊರಡುವಾಗ ಅವ್ವ, “ನೀನ್ ಬರೆದ ಕಾಗ್ದ ದಿಂಬಿನಡಿ ಮಡಿಕ್ಕಂಡವ್ನೆ. ಏನ್ ಬರೆದವ್ನೆ ನಿಮ್ಮ ನಾಗಣ್ಣ ಅಂದ್ರೆ, ಬ್ಯಾಗ ಎದ್ ಬಾ, ಜೊತೇಲಿ ಮೈಸೂರಿಗೆ ಓಗಾನ ಅಂತ ಬರೆದವ್ನೆ ಅಂದ. ನಿನ್ನಂಥ ಸ್ನೇಯಿತ ಸಿಗೋಕೆ ನನ್ ಮಗ ಪುಣ್ಯ ಮಾಡಿದ್ದ ಕಣಪ್ಪ” ಎಂದು ನನ್ನ ತಲೆ ಸವರಿದರು. ಕೂದಲು ಈಗ ತಾನೇ ಮೊಳೆಯುತ್ತಿರುವ ತಲೆ. ಅವರ ಕೈ ಅಲ್ಲಿ ಎಷ್ಟು ಹೊತ್ತು ಇತ್ತೋ, ನನಗಂತೂ ಮೈಯೆಲ್ಲ ಬೆವರಿತು. ಆ ಕಾಗದದಲ್ಲಿ ಏನಿತ್ತೆಂದು ಅಣ್ಣನವರಾದರೂ ಈಗ ದಿಂಬಿನಡಿಯಿಂದ ತೆಗೆದು ಓದಲಿ. ನಾಲಿಗೆ ಹರಿಯಬಿಟ್ಟವನು ನಾನು, ಮುಚ್ಚಿಟ್ಟು ನನ್ನ ಮರ್ಯಾದೆ ಕಾದವನು ನೀನು. ಇನ್ನು ಮುಚ್ಚಿಡುವುದು ಬೇಡ.

ಹಾರ ಎಸೆದೆನೇ ಹೊರತು ಬಹುಮಾನದ ಬೆಳ್ಳಿ ಬಟ್ಟಲನ್ನು ಮಾತ್ರ ಜೋಪಾನವಾಗಿ ಮನೆಗೆ ತಂದಿದ್ದೆ. ಅದನ್ನು ಸಂಘಕ್ಕೆ ವಾಪಸು ಕೊಟ್ಟೆ. ಮೈಸೂರಿಗೆ ನಾನು ಹೋಗುವುದಿಲ್ಲ ಎಂದೂ ಬರೆದುಕೊಟ್ಟೆ. ಅವರು ಕಾರಣ ಕೇಳಿದರು. ಇನ್ನೂ ಹೇಳಿಲ್ಲ.

ಈಗ ಅನುಭವಸ್ಥನ ಮಾತು ಕೇಳು. ಹಸಿವು ರಾಕ್ಷಸನ ಹಾಗೆ ಬರುತ್ತದೆ. ಯಾರು ಎಷ್ಟು ಪ್ರೀತಿಯಿಂದ ಕೊಟ್ಟರೂ ಗಟ್ಟಿ ಪದಾರ್ಥ ಬಾಯಿಗೆ ಹಾಕಬೇಡ. ಅವ್ವ, ಅವನು ಕಾಲು ಹಿಡಿದು ಕೇಳುತ್ತಾನೆ, ಅಳುತ್ತಾನೆ, ನಿಮ್ಮನ್ನೇ ಬೈಯುತ್ತಾನೆ. ಡಾಕ್ಟರು ಹೇಳುವ ತನಕ ಕೊಡಬೇಡಿ. ಬಾರ್ಲಿ, ಸಬ್ಬಕ್ಕಿ, ಒಂದಿಷ್ಟು ಕಿತ್ತಳೆ ಸಿದ್ದಗಂಗಯ್ಯನ ಕೈಲಿ ಕಳಿಸಿದ್ದೇನೆ. ಸಿದ್ದೇಶ್ವರ ನಿನಗೆ ನನ್ನ ಆಯುಸ್ಸನ್ನೂ ಸೇರಿಸಿ ಕೊಡಲಿ. ನಮ್ಮಮ್ಮ ದಿನವೂ ಪೂಜೆಗೆ ಕೂತಾಗ ನಿನ್ನ ಹೆಸರು ಹೇಳಿ ವಿಭೂತಿ ತೆಗೆದಿಡುತ್ತಾಳೆ.

ಇತಿ ನಿನ್ನ,
ನಾಗಲಿಂಗಯ್ಯ

ಮರೆತದ್ದು:

ಹಾಗೆಂದು ಬರೆದದ್ದೂ ಸುಳ್ಳೇ. ಮರೆತಿಲ್ಲ. ಕೈ ಬರಲಿಲ್ಲ. ಮೇಲೆ ಬರೆದದ್ದನ್ನು ಓದಿದವರು, ಪಾಪ, ನಾಗಲಿಂಗಯ್ಯ ತಿಳಿಯದೆ ಕೋಪ ಮಾಡಿಕೊಂಡ ಎಂದುಕೊಳ್ಳುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ನೀವೆಲ್ಲ ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು.

ಎದುರುಗಾಳಿ ಇದ್ದಾಗ ಒಬ್ಬರ ಮರೆಯಲ್ಲಿ ಒಬ್ಬರು ತುಳಿಯುವುದು ನಮ್ಮ ರೂಢಿಯಲ್ಲವೇ, ಬಡವನಹಳ್ಳಿ ದಾಟಿದ ಮೇಲೆ ಮುಂದೆ ಹೋಗುವ ಸರದಿ ನನ್ನದಿತ್ತು. ಯಾವಾಗಲೂ ಮಾಡುವ ಹಾಗೆ ಹಿಂದಿನಿಂದ ಬಂದು ನಿನ್ನ ಬೆನ್ನು ತಟ್ಟಿದೆ. ರಂಗ, ನನ್ನ ಅಂಗಿ ಹಿಂಡುವ ಹಾಗೆ ನೆನೆದಿತ್ತು. ನಿನ್ನ ಅಂಗಿ ಒಣಗಿತ್ತು. ಹದಿನಾರು ಮೈಲಿ ಬಿಸಿಲಲ್ಲಿ ತುಳಿದವನ ಬೆನ್ನಿನಲ್ಲಿ ಒಂದು ಹನಿ ಬೆವರಿಲ್ಲ. ಅಂಗೈಗೆ ಕಾದ ಹೆಂಚು ಮುಟ್ಟಿದ ಹಾಗಾಯಿತು. ನಲವತ್ತು ದಿನ ಅದೇ ಬಿಸಿಯಲ್ಲಿ ಬೆಂದು ಎದ್ದವನು ನಾನು. ಅದು ಏನೆಂದು ನನಗಿಂತ ಚೆನ್ನಾಗಿ ಬಲ್ಲವನು ಆ ರಸ್ತೆಯಲ್ಲಿ ಯಾರಿದ್ದರು?

ನಿಲ್ಲು ಎಂದು ಒಂದು ಮಾತು ಹೇಳಿದ್ದರೆ ನೀನು ನಿಲ್ಲುತ್ತಿದ್ದೆ. ಹೇಳಿದರೆ ನಾನೂ ನಿಲ್ಲಬೇಕಾಗಿತ್ತು. ಮಧುಗಿರಿಯ ಬೆಟ್ಟ ಕಾಣುತ್ತಿತ್ತು. ತಲೆ ತಗ್ಗಿಸಿ ಮುಂದಕ್ಕೆ ತುಳಿದೆ. ಆಮೇಲೆ ನಿನ್ನ ಮುಖ ನೋಡಲಾಗದೆ, ತಪ್ಪೆಲ್ಲ ನಿನ್ನದಾಗಲಿ ಎಂದು ಭಿಕ್ಷೆಯ ಮಾತು ಹುಟ್ಟಿಸಿ ಕೂಗಾಡಿದೆ.

ದೊಡ್ಡರಂಗಪ್ಪಣ್ಣ, ಇದನ್ನು ಮನಸ್ಸಿನಲ್ಲೇ ಓದಿಕೊಂಡು ಮಡಿಚಿಡಬೇಡಿ. ಅವ್ವನಿಗೂ ಕೇಳುವ ಹಾಗೆ ಓದಿ. ನನ್ನ ತಲೆ ಸವರಿದವರು ಅವರು. ನಾನು ಇನ್ನು ಆ ಜಗುಲಿ ಹತ್ತಬಹುದೋ ಬಾರದೋ, ಅವರೇ ಹೇಳಲಿ.