ಬೆಂಡಿನ ಮೇಲಿನ ಕೆಂಪು ಗಂಟು

ಅಂಗಡಿಯ ಕತ್ತರಿ ಮೇಜಿನಿಂದ,
ಭಾನುವಾರ ಸಂಜೆ

ಪ್ರೀತಿಯ ನನ್ನ ಮೀನುಗಾರ್ತಿಗೆ,

ಹೇಗಿದ್ದೀಯ? ಹಿಮ್ಮಡಿ ನೋವು ಇಳಿಯಿತೇ? ಹೆರಿಗೆ ವಾರ್ಡಿನ ದೊಡ್ಡ ನರ್ಸ್ ಆದವರಿಗೆ ಕೂರಲು ಕುರ್ಚಿ ಸಿಗುತ್ತದೆ ಎಂದುಕೊಂಡಿದ್ದೆ. ನಿನ್ನ ಕಾಗದ ನೋಡಿದರೆ ಕುರ್ಚಿಯೇನೋ ಇದೆ, ಕೂರಲು ಪುರುಸೊತ್ತಿಲ್ಲ. ಮಲಗುವ ಮುಂಚೆ ಬಿಸಿನೀರಿನಲ್ಲಿ ಕಾಲಿಟ್ಟುಕೋ. ಊರ ಮಕ್ಕಳನ್ನೆಲ್ಲ ಭೂಮಿಗೆ ಇಳಿಸುವವಳು ತನ್ನ ಕಾಲನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಚಿರುವುದು ಅದೇ. ಹಾಸಿಗೆಯಲ್ಲಿ ನಿನ್ನ ಜಾಗ ಖಾಲಿ ಕಾಣದಿರಲಿ ಎಂದು ಗಿರಾಕಿಗಳ ಇಸ್ತ್ರಿ ಬಟ್ಟೆಗಳನ್ನು ಅಲ್ಲಿ ಜೋಡಿಸಿಡುತ್ತೇನೆ. ಆದರೂ ನಿದ್ದೆಗಣ್ಣಲ್ಲಿ ಕೈ ಅತ್ತಲೇ ಹೋಗುತ್ತದೆ, ಯಾರದೋ ಕಾಲರು ಸಿಗುತ್ತದೆ.

ಈಗ ಹೇಳುವುದನ್ನು ಕೇಳಿ ನಗಬಾರದು. ನಾನು ಗಾಳ ಹಾಕುತ್ತಿದ್ದೇನೆ! ಬೆರಳುದ್ದದ ಮೀನಿಗೆ ಇಡೀ ಬೆಳಗ್ಗೆ ಕಾಯುವ ಬದಲು ನಾಲ್ಕು ಅಂಗಿಗೆ ಕಾಜಾ ಹೊಲಿಯಬಹುದು ಎಂದು ನಿನ್ನನ್ನು ರೇಗಿಸುತ್ತಿದ್ದ ಅದೇ ಮಹಾನುಭಾವ. ಆ ಊರಿನ ಆಸ್ಪತ್ರೆಯ ಕೆಲಸಕ್ಕೆ ನೀನು ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹಾಕಿ, 'ಗಾಳದ ಕೋಲು ಬಿಟ್ಟು ಹೋಗ್ತಿದೀನಿ ರೀ, ಬರೋವಾಗ ನೀವೇ ತಗೊಂಡ್ಬನ್ನಿ' ಎಂದೆಯಂತೆ. ಪಕ್ಕದಲ್ಲಿದ್ದ ಅಮ್ಮ ಹೇಳಿದ್ದು. ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಅಂತಲೇ ಇಟ್ಟುಕೋ. ಕೋಲು ಬಾಗಿಲ ಮೂಲೆಯಲ್ಲಿ ನಿಂತೇ ಇತ್ತು. ಒಂದು ಭಾನುವಾರ ಮನೆಯಲ್ಲಿ ಕೂರಲಾರದೆ ಅದನ್ನೆತ್ತಿಕೊಂಡು ಕಾಲುವೆಗೆ, ಹಳೆಯ ಸೇತುವೆಯ ಕೆಳಗಿನ ನಿನ್ನ ಜಾಗಕ್ಕೆ ಹೋದೆ. ಮೀನಿಗಾಗಿ ಅಲ್ಲ. ನೀನು ಕೂರುತ್ತಿದ್ದಲ್ಲಿ ಕೂತರೆ ನಿನ್ನ ಪಕ್ಕ ಕೂತ ಹಾಗೆ ಆಗಬಹುದೇನೋ ಎಂಬ ಆಸೆ.

ದಾರದ ಮೇಲೆ ನೀನು ಹಾಕಿದ ಕೆಂಪು ಗಂಟು ಹಾಗೇ ಇತ್ತು, ನನ್ನ ಅಂಗಡಿಯ ರೀಲಿನಿಂದ ಕದ್ದ ನೂಲಿನದು. ನೀರ ಮೇಲೆ ತೇಲುವ ಬೆಂಡು ದಾರದಗುಂಟ ಜಾರುತ್ತಾ ಬಂದು ಆ ಗಂಟಿಗೆ ತಡೆದು ನಿಲ್ಲುತ್ತದೆ, ಅಲ್ಲಿಂದ ಕೆಳಗೆ ಎಷ್ಟು ದಾರವೋ ಅಷ್ಟು ಆಳಕ್ಕೆ ಹುಳು ಇಳಿಯುತ್ತದೆ ಎಂದು ಈಗ ನಿನಗೇ ಪಾಠ ಹೇಳುತ್ತಿದ್ದೇನೆ, ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೆ ಅದು ಚಳಿಗಾಲದ ಗಂಟು. ಆಗ ಕಾಲುವೆ ತುಂಬಿತ್ತು, ಮೀನೆಲ್ಲ ತಳ ಹಿಡಿದಿತ್ತು. ಈಗ ಬೇಸಿಗೆಗೆ ನೀರು ಮೊಳಗಟ್ಟಲೆ ಇಳಿದಿದೆ. ನಾನು ಹಾಕಿದಾಗಲೆಲ್ಲ ಬೆಂಡು ಮಗ್ಗುಲಾಗಿ ಮಲಗಿಬಿಡುತ್ತಿತ್ತು. ಪಾಪ, ಅದಕ್ಕೂ ಸುಸ್ತು ಎಂದುಕೊಂಡು ಸುಮ್ಮನಿದ್ದೆ. ಆಚೆ ದಡದಲ್ಲಿ ಕೂರುವ ಬೀಗ ರಿಪೇರಿಯವ, ನಿನ್ನ ಬೀಗದಣ್ಣ, ತಡೆಯಲಾರದೆ ಎದ್ದು ಬಂದ. ಬೆಂಡು ಮಲಗಿದರೆ ಗಾಳ ಕೆಸರಲ್ಲಿ ಬಿದ್ದಿದೆ ಎಂದರ್ಥವಂತೆ. ಜೇಬಿನಿಂದ ಹಳೆಯ ಬೀಗದ ಕೈ ತೆಗೆದು ಗಾಳಕ್ಕೆ ಕಟ್ಟಿ ಆಳ ನೋಡಿದ. ಬೆಂಡು ಪೂರ್ತಿ ಮುಳುಗಿದರೆ ದಾರ ಸಾಲದು, ಮಲಗಿದರೆ ಹೆಚ್ಚು, ತುದಿ ಮಾತ್ರ ಕಂಡರೆ ನೀರಿನ ಅಳತೆ ಸರಿ. ಅಳತೆಯ ಮಾತು ನನ್ನ ತಲೆಗೆ ಬೇಗ ಹತ್ತಿತು. ಬೇಸಿಗೆಯಲ್ಲಿ ಮೀನು ಬೆಳಗ್ಗೆ ಮೇಲಿರುತ್ತವೆ, ಬಿಸಿಲೇರಿದಂತೆ ಕೆಳಗಿಳಿಯುತ್ತವೆ, ಗಂಟೂ ಅವುಗಳ ಹಿಂದೆಯೇ ಹೋಗಬೇಕು ಎಂದ. 'ಮೀನೇನು ನಿಮ್ಮ ಗಾಳ ಹುಡುಕ್ಕೊಂಡು ಬರುತ್ತಾ ಟೈಲರ್ರೇ? ಅದು ಎಲ್ಲಿದ್ಯೋ ಅಲ್ಲಿಗೆ ನೀವೇ ಹೋಗ್ಬೇಕು.'

ಗೊತ್ತಾದರೂ ಗಂಟು ಮುಟ್ಟಲು ನನಗೆ ಮನಸ್ಸು ಬರಲಿಲ್ಲ. ಆಮೇಲಿನ ಭಾನುವಾರಗಳೆಲ್ಲ ಬರಿಗೈಯಲ್ಲೇ ಬಂದೆ. ಬಿಚ್ಚಿ ಮತ್ತೆ ಹಾಕಲು ಬಾರದೆಂದಲ್ಲ, ಹುಟ್ಟಿದಾಗಿನಿಂದ ದಾರದಲ್ಲೇ ಬದುಕಿದವನು. ಆದರೆ ನಾನು ಹಾಕಿದರೆ ಅದು ನನ್ನ ಗಂಟು. ನಿನ್ನ ಬೆರಳು ಹಾಕಿದ್ದು ಹೋದರೆ ಹೋಯಿತಲ್ಲ.

ಈ ನಡುವೆ ಇನ್ನೊಂದಾಯಿತು. ಅಂಗಡಿ ಬಿಟ್ಟು ಬರಲಾರೆ, ಅಮ್ಮನಿಗೂ ಈ ಮನೆ ಬಿಟ್ಟರೆ ಆಗದು, ನೀನೇ ಆ ಕೆಲಸ ಬಿಟ್ಟು ಬಂದುಬಿಡು ಎಂದು ಹೋದ ಸಲ ಬರೆದಿದ್ದೆನಲ್ಲ, ಅದನ್ನು ಅಮ್ಮನಿಗೆ ಹೇಳಿದೆ. ಕೆಂಡವಾದಳು. 'ಊರು ಬಿಡೋಕೆ ನಿನಗಿರೋ ಹೆದರಿಕೆಗೆ ನನ್ನ ಹೆಸರು ಯಾಕೋ ತರ್ತೀಯಾ? ಸೊಸೆ ಎಲ್ಲೋ ನಾನಲ್ಲಿ!' ಎಂದಳು. ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ.

ಇವತ್ತು ಬೆಳಗ್ಗೆ ಮತ್ತೆ ಬೆಂಡು ಮಲಗಿತು. ಗಂಟು ಬಿಚ್ಚಲಾರೆ ಎಂದು ಬೀಗದಣ್ಣನಿಗೆ ಬಾಯಿಬಿಟ್ಟು ಹೇಳಿಯೇಬಿಟ್ಟೆ. ನಕ್ಕುಬಿಟ್ಟ. 'ಬಿಚ್ಚೋಕೆ ಯಾರು ಹೇಳಿದ್ರು ಮಾರಾಯ್ರೇ? ಇದೇನು ಬ್ರಹ್ಮಗಂಟಾ? ಒಂಚೂರು ಒದ್ದೆ ಮಾಡಿ ಸರಿಸಿ, ಜಾರುತ್ತೆ. ಗಂಟು ಅದೇ ಇರುತ್ತೆ, ಜಾಗ ಮಾತ್ರ ಬೇರೆ.' ನಾಲಗೆಯಿಂದ ಒದ್ದೆ ಮಾಡಿ ಗಾಳದ ಕಡೆಗೆ ಸರಿಸಿದೆ. ಬಿಚ್ಚಿಕೊಳ್ಳಲಿಲ್ಲ ಕಣೇ. ಬೆಂಡು ನೆಟ್ಟಗೆ ನಿಂತಿತು, ಎರಡು ಸಲ ತಲೆದೂಗಿ ಸರ್ರನೆ ಒಳಗೆ ಹೋಯಿತು. ಅಂಗೈಯಗಲದ ಮೀನು! 'ನೋಡೇ ಇಲ್ಲಿ' ಎಂದು ಪಕ್ಕಕ್ಕೆ ತಿರುಗಿದೆ. ನಿನ್ನ ಮಡಚುವ ಸ್ಟೂಲು ಮಾತ್ರ ಇತ್ತು. ಅಳು ಬಂತು. ಮೀನನ್ನು ನೀರಿಗೇ ಬಿಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ಆಶೀರ್ವಾದ, ಬೀಗದಣ್ಣನ ನಮಸ್ಕಾರ, ನನ್ನದು ಏನೆಂದು ನಿನಗೇ ಗೊತ್ತು.

ನಿನ್ನ
ಸೂಜಿದಾರದವನು

ತಾ.ಕ.: ಕಾಗದ ಅಂಚೆ ಡಬ್ಬಿಗೆ ಹಾಕಲು ಬೀಗದಣ್ಣ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಹೊಲಿಗೆ ಮೆಷಿನ್ನಿಗೆ ಗೋಣಿ ಸುತ್ತಿಯಾಯಿತು. ಅಮ್ಮನ ಪೆಟ್ಟಿಗೆ ನನಗಿಂತ ಮುಂಚೆಯೇ ಸಿದ್ಧವಾಗಿತ್ತು. ಆಸ್ಪತ್ರೆಯ ಹಿಂದೆ ಕೆರೆ ಇದೆ ಎಂದಿದ್ದೆಯಲ್ಲ, ಎಷ್ಟು ಆಳ ಎಂದು ಬರಿ. ಬೇಡ, ಬರೆಯಬೇಡ, ಉತ್ತರ ಬರುವಷ್ಟರಲ್ಲಿ ನಾವೇ ಅಲ್ಲಿರುತ್ತೇವೆ. ಅಲ್ಲಿನ ಅಳತೆಗೆ ಗಂಟನ್ನು ನೀನೇ ಸರಿಸು. ಆವತ್ತು ಬಸ್ಸಿನ ಕಿಟಕಿಯಿಂದ ನೀನು ಹೇಳಿದ್ದು ನನಗೆ ಕೇಳಿಸಿತ್ತು. ಕೋಲು ತರುತ್ತಿದ್ದೇನೆ.