ಪೋತ್ನಾಳದ ರಾಶಿ

ಮಾನ್ವಿ, ಬುಧವಾರ ಸಂಜೆ

ದೊಡ್ಡಪ್ಪನಿಗೆ ನಮಸ್ಕಾರ.

ರಾಯಚೂರು ಕೋಟೆ ಗೋಡೆಯ ಚಿತ್ರ ನಿನ್ನೆ ಮುಗಿಯಿತು. ಇವತ್ತಿನದು ಅದಕ್ಕಿಂತ ದೊಡ್ಡ ಸುದ್ದಿ. ಪೋತ್ನಾಳದ ಹತ್ತಿರ ರಸ್ತೆ ಬದಿಯ ಕಣದಲ್ಲಿ ಆಳೆತ್ತರದ ಭತ್ತದ ರಾಶಿ ಕಂಡು, ಬಸ್ಸಿಳಿದು ಅಲ್ಲೇ ಬರೆಯಲು ಕೂತೆ. ಒಡತಿ ನೀಲಗಂಗಮ್ಮ ಮೊದಲು ನನ್ನ ಚಪ್ಪಲಿ ಬಿಡಿಸಿದರು. ರಾಶಿಯ ಹತ್ತಿರ ಯಾರೂ ಮೆಟ್ಟು ಹಾಕುವುದಿಲ್ಲವಂತೆ. ನೀವು ಕಲಿಸಿದ ಹಾಗೆ ಆಕಾಶಕ್ಕೆ ಧಾರಾಳವಾಗಿ ಜಾಗ ಬಿಟ್ಟು ಬರೆದೆ. ಆಕೆ ಬಗ್ಗಿ ನೋಡಿ ಸಿಟ್ಟಾದರು.

"ಯವ್ವಾ, ಬರೇ ಆಕಾಶನ ಬರದೀಯಲ್ಲ! ನನ್ನ ರಾಶಿ ಇಷ್ಟ ಅದ ಏನು? ಇನ್ನಾ ಪೂಜಿ ಆಗಿಲ್ಲ, ಈಗ್ಲೇ ಸಣ್ಣದ ಮಾಡಬಾರ್ದು."

ನನಗೂ ಹಟ ಬಂತು. ಹೊಸ ಹಾಳೆ ತೆಗೆದು ಅಂಚಿನಿಂದ ಅಂಚಿಗೆ ರಾಶಿಯನ್ನೇ ತುಂಬಿದೆ. ಆಕಾಶ ಬೆರಳಗಲವೂ ಉಳಿಯಲಿಲ್ಲ. ಆಕೆ ಬಹಳ ಹೊತ್ತು ನೋಡಿ, "ಈಗ ನಮ್ಮದು ಅನಸ್ತದ ನೋಡು," ಎಂದರು. ಆಮೇಲೆ ಪೂಜೆಗೆ ಕುಳಿತು ರಾಶಿಗೆ ವಿಭೂತಿ ಹಚ್ಚಿದವರು, ಅದೇ ಬೆರಳುಗಳನ್ನು ನನ್ನ ಚಿತ್ರದ ಮೇಲೂ ಎಳೆದುಬಿಟ್ಟರು! ಪೂಜೆಗೆ ಸೇರಿದ್ದ ಅಷ್ಟೂ ಜನರ ಮುಂದೆ, ದೊಡ್ಡಪ್ಪ.

ಬಿಸಿಲಿಗೆ ಅಂಗಾಲಿನಲ್ಲಿ ಗುಳ್ಳೆ ಎದ್ದಿದೆ, ಮುಲಾಮು ಹಚ್ಚಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ಈ ಸಾಲು ಬಿಡಿ. ನಾಳೆ ಬೆಳಿಗ್ಗೆ ದೇವದುರ್ಗದ ಬಸ್ಸು.

ನಿಜವಾಗಿ ಚೆನ್ನಾಗಿ ಬಂದ ಚಿತ್ರಕ್ಕೆ ಮಾತ್ರ ಸಹಿ ಹಾಕು ಅನ್ನುತ್ತಿದ್ದಿರಲ್ಲ? ಈ ರಾಶಿಯ ಚಿತ್ರಕ್ಕೆ ಮೊದಲ ಸಲ ಹಾಕಲು ಹೋದೆ. ಸಹಿಯ ಮೂಲೆಯಲ್ಲಿ ನೀಲಗಂಗಮ್ಮನ ಮೂರು ಬೆರಳಿನ ವಿಭೂತಿ ಗುರುತಿತ್ತು. ಸಹಿ ಹಾಕದೆ ಹಾಗೇ ಬಿಟ್ಟೆ.

ನಿಮ್ಮ
ಪಲ್ಲವಿ